ಏಳೂವರೆ ಅಂತ ಬರೆದ ಡ್ರಿಪ್

ಮಾರ್ಚ್ 3, ಸೋಮವಾರ. ಮಧ್ಯಾಹ್ನ 3.30

ಒಂಬತ್ತು ಕೇಸ್. ನಾಲ್ಕು ಕೆಂಪು ಬ್ಯಾಂಡ್, ಅಂದರೆ ಅಲರ್ಜಿ ಇರುವವರು. "ಯಾವುದಾದ್ರೂ ಔಷಧಿ ಆಗಿಬರಲ್ವಾ?" ಅಂತ ಕೇಳಿದರೆ ಸಾಕು, ಎಲ್ಲರಿಗೂ ಒಂದು ಕಥೆ. ಒಬ್ಬರಿಗೆ ಪೆನ್ಸಿಲಿನ್ ತಗೊಂಡರೆ ಹೊಟ್ಟೆ ಕೆಡುತ್ತದಂತೆ. ಇನ್ನೊಬ್ಬರಿಗೆ ಏನೂ ಆಗಿಲ್ಲ, ಅವರ ಚಿಕ್ಕಪ್ಪನಿಗೆ ಆಗಿತ್ತಂತೆ. ಚಿಕ್ಕಪ್ಪನ ಅಲರ್ಜಿಗೆ ಇವರ ಕೈಗೆ ಬ್ಯಾಂಡ್! ಕಟ್ಟಿದೆ. ಕಟ್ಟದೆ ಏನಾದರೂ ಆದರೆ ನನ್ನ ಕುತ್ತಿಗೆಗೆ ಬರುತ್ತದೆ.

ಬ್ಯಾಂಡ್ ಇಲ್ಲದವರದು ಸುಲಭ. ಗಾಯ ಕೀವಾಗದಿರಲಿ ಅಂತ ಆಪರೇಷನ್‌ಗೆ ಸ್ವಲ್ಪ ಮುಂಚೆ ಸೆಫಜೋಲಿನ್, ಐದು ನಿಮಿಷದ ಇಂಜೆಕ್ಷನ್, ಮುಗೀತು. ಅದು ಪೆನ್ಸಿಲಿನ್ ಜಾತಿಯದು, ಹಾಗಾಗಿ ಬ್ಯಾಂಡ್ ಕಟ್ಟಿದವರಿಗೆ ವ್ಯಾಂಕೋಮೈಸಿನ್. ಅದನ್ನು ಒಂದು ಗಂಟೆ ಹನಿ ಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಮೈ ಕೆಂಪಾಗಿ ತುರಿಸಿಕೊಳ್ಳುತ್ತಾರೆ. ಹೀಗೆ ನಾಲ್ಕು ಜನಕ್ಕೆ ನಾಲ್ಕು ಸ್ಟ್ಯಾಂಡ್. ಬೆಳಿಗ್ಗೆ ಆಪರೇಷನ್, ಸಂಜೆ ಮನೆ ಅನ್ನುವ ನಮ್ಮ ಡೇ ಕೇರ್ ಆಸ್ಪತ್ರೆಯಲ್ಲಿ ಇರೋದೇ ಐದು.

ಚಾರ್ಟ್ ಎಲ್ಲ ಹಿಂದಿನ ಸಂಜೆಯೇ ತುಂಬಿಟ್ಟಿದ್ದೆ. ಎಷ್ಟು ಗಂಟೆಗೆ ಡ್ರಿಪ್ ಶುರು, ಎಷ್ಟಕ್ಕೆ ಮುಗಿದದ್ದು, ಎಲ್ಲ. ಇನ್‌ಚಾರ್ಜ್ ಮೇಡಂ ಕಟ್ಟಪ್ಪಣೆ. "ಬೆಳಿಗ್ಗೆ ಗಡಿಬಿಡೀಲಿ ಗೀಚಿದ್ರೆ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತೆ. ಲಿಸ್ಟ್ ನೋಡಿ ಮೊದಲೇ ಬರೆದಿಡಿ." ಹೋದ ವರ್ಷ ತಪಾಸಣೆಗೆ ಬಂದವರು ನನ್ನ ಅಕ್ಷರ ನೋಡಿ ಮೆಚ್ಚಿದ್ದರು. ಮುತ್ತು ಪೋಣಿಸಿದ ಹಾಗಿದೆ ಅಂದಿದ್ದರು.

ಚಹಾ ಹೊತ್ತಿಗೆ ಕುಕ್ಕರಣ್ಣ ಬಂದ. ಸಲಕರಣೆಗಳನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಮೆಷಿನ್ ಅವನದು, ಇಪ್ಪತ್ತಾರು ವರ್ಷದಿಂದ. ಒಳಗೆ ಕೂತರೆ ಹಳೇ ಹಾಡು ಹೇಳ್ತಾನೇ ಇರ್ತಾನೆ. ಯಾಕಪ್ಪಾ ಅಂದರೆ, "ನನ್ನ ಕುಕ್ಕರ್ ಸೀಟಿ ಹೊಡೆಯಲ್ಲ ಸಿಸ್ಟರ್, ಅದರ ಪರವಾಗಿ ನಾನು." ಇನ್ನು ಒಂದೂವರೆ ವರ್ಷಕ್ಕೆ ರಿಟೈರ್.

ಇಷ್ಟು ಬರೆಯುವಷ್ಟರಲ್ಲಿ ಫೋನ್. ತಂಗಿ. ಅಂಗಡಿ ಕನ್ನಡಿ ಮೇಲಿನ ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದ್ದಾಳೆ, ಸ್ಟೂಲ್ ಕೈಕೊಟ್ಟಿದೆ. ಬಲಗೈ ಊರಿಕೊಂಡು ಬಿದ್ದಳಂತೆ. "ಅಕ್ಕಾ, ಮಣಿಕಟ್ಟು ಚಮಚದ ಥರ ಬಗ್ಗಿದೆ ಕಣೇ." ಹೊರಟೆ.


ಮಾರ್ಚ್ 5, ಬುಧವಾರ. ಸಂಜೆ 5

ಮೂಳೆ ಎರಡು ಕಡೆ ಮುರಿದಿದೆ. ಪ್ಲೇಟ್ ಹಾಕಬೇಕು. ನಮ್ಮಲ್ಲೇ, ನಾಳೆ. ಕೈ ಡಾಕ್ಟರ್ (ಸರ್ಜನ್‌ನ ನಾವೆಲ್ಲ ಹಾಗೇ ಕರೆಯೋದು) ಎಕ್ಸ್‌ರೇ ನೋಡಿ, "ನಿಮ್ಮ ತಂಗೀನಾ? ಸಂಜೆ ಮನೆಗೆ ಹೋಗ್ತಾಳೆ ಬಿಡಿ" ಅಂದರು. ಜೀವಕ್ಕೆ ಸಮಾಧಾನ.

ಅವಳಿಗೆ ಒಂದೇ ಚಿಂತೆ, ಹೆಬ್ಬೆರಳು. ಹೆಂಗಸರ, ಮಕ್ಕಳ ಕೂದಲು ಕತ್ತರಿಸುವ ಅಂಗಡಿ ಅವಳದು. ನನಗೆ ಇವತ್ತೇ ಗೊತ್ತಾಗಿದ್ದು: ಕತ್ತರಿ ಹಿಡಿದಾಗ ಅಲ್ಲಾಡೋದು ಹೆಬ್ಬೆರಳು ಒಂದೇ ಅಂತೆ. ಉಳಿದ ಬೆರಳೆಲ್ಲ ಸುಮ್ಮನೆ ಹಿಡಿದುಕೊಂಡಿರುತ್ತವೆ. "ಮಿಕ್ಕವರೆಲ್ಲ ಸೋಮಾರಿಗಳು ಅಕ್ಕಾ. ದುಡಿಯೋನು ಒಬ್ಬನೇ."

ಫಾರಂ ತುಂಬಲು ಕೂತಾಗ, "ನೀನೇ ಬರ್ಕೋ. ನನ್ನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು" ಅಂದಳು. ಬರೆದೆ. ಪೆನ್ಸಿಲಿನ್ ಅಲರ್ಜಿ: ಹೌದು. ಚಿಕ್ಕಂದಿನದು ಕಣ್ಣ ಮುಂದೆ ಇದೆ. ಇಬ್ಬರಿಗೂ ಗಂಟಲು ನೋವು, ಜ್ವರ. ಇಬ್ಬರಿಗೂ ಇಂಜೆಕ್ಷನ್. ಸಂಜೆಗೆ ಮಂಚದ ತುದಿಯಲ್ಲಿ ಕೂತು ಇವಳು ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಅಮ್ಮನ ಕೈಯಲ್ಲಿ ಗುಲಾಬಿ ಬಣ್ಣದ ಲೋಷನ್. ಮೈಯೆಲ್ಲ ದದ್ದು. ಆಮೇಲೆ ಅಮ್ಮ ಎಲ್ಲ ಡಾಕ್ಟರಿಗೂ ಹೇಳ್ತಾ ಬಂದಳು, ನಮ್ಮ ಮಗೂಗೆ ಆ ಇಂಜೆಕ್ಷನ್ ಆಗಲ್ಲ ಅಂತ.

ಕೆಂಪು ಬ್ಯಾಂಡ್ ನಾನೇ ಕಟ್ಟಿದೆ, ಎಡಗೈಗೆ. "ಬಳೆ ಚೆನ್ನಾಗಿದೆ" ಅಂದಳು.

ಲಿಸ್ಟಿನಲ್ಲಿ ಎರಡನೆಯವಳು, ಒಂಬತ್ತೂವರೆಗೆ. ಚಾರ್ಟ್ ತುಂಬಿದೆ: ವ್ಯಾಂಕೋಮೈಸಿನ್ ಶುರು 7.30, ಮುಗಿದದ್ದು 8.30. ಸಹಿ ಹಾಕಿದೆ. ಅಕ್ಷರ ಎಂದಿಗಿಂತ ಚೆನ್ನಾಗಿ ಬಂದಿದೆ.


ಮಾರ್ಚ್ 6, ಗುರುವಾರ. ಮಧ್ಯಾಹ್ನ 1

ಆಯಿತು! ಚೆನ್ನಾಗಿ ಆಯಿತು. ಎದೆ ಮೇಲಿನ ಕಲ್ಲು ಇಳಿಯಿತು.

ಬೆಳಿಗ್ಗೆ ಏಳಕ್ಕೆ ಬಾ ಅಂದರೆ ಅಮ್ಮ, ತಂಗಿ ಬಂದದ್ದು ಎಂಟಕ್ಕೆ. ಅಮ್ಮ ಬೀಗ ಹಾಕಿ, ಮತ್ತೆ ತೆಗೆದು, ಗ್ಯಾಸ್ ನೋಡಿ, ಮತ್ತೆ ಹಾಕಿ... ಆಮೇಲೆ ಇವಳ ನರ ಸಿಗಲಿಲ್ಲ. ಮೂರು ಸಲ ಚುಚ್ಚಿದೆ. ಸೂಜಿ ಕಂಡರೆ ಈಗಲೂ ಮುಖ ಬಿಳಿಚಿಕೊಳ್ಳುತ್ತದೆ. ಅಂತೂ ಡ್ರಿಪ್ ತಗುಲಿಸಿದಾಗ 8.25.

ಅಷ್ಟರಲ್ಲಿ ಮೊದಲನೇ ಕೇಸ್ ಕ್ಯಾನ್ಸಲ್. ಏನೂ ತಿನ್ನಬೇಡಿ ಅಂದಿದ್ದರೆ ಬಿಸ್ಕೆಟ್ ತಿಂದು ಬಂದಿದ್ದಾರೆ ಪುಣ್ಯಾತ್ಮರು. ಓ.ಟಿ. ಖಾಲಿ. ಇವಳು ನಡುಗುತ್ತಿದ್ದಳು, ಹಲ್ಲು ಕಟಕಟ. ಇನ್ನೂ ಒಂದು ಗಂಟೆ ಇವಳನ್ನು ಹೀಗೆ ನೋಡಲು ನನ್ನಿಂದ ಆಗದು ಅನ್ನಿಸಿತು. ನಾನೇ ಒಳಗೆ ಹೋಗಿ ಹೇಳಿದೆ: "ಸರ್, ನಮ್ಮ ತಂಗೀನ ಈಗಲೇ ತಗೊಳ್ಳಿ. ರೆಡಿ ಇದ್ದಾಳೆ." ಹತ್ತೊಂಬತ್ತು ವರ್ಷದಲ್ಲಿ ಯಾರ ಹತ್ತಿರವೂ ಒಂದು ಉಪಕಾರ ಕೇಳಿದವಳಲ್ಲ. ಅವರೂ ನಕ್ಕು ಹೂಂ ಅಂದರು.

8.40ಕ್ಕೆ ಒಳಗೆ. ಡ್ರಿಪ್ ಸ್ವಲ್ಪ ಉಳಿದಿತ್ತು, ಓಡಲಿ ಬಿಡಿ ಅಂತ ಓ.ಟಿ. ಸಿಸ್ಟರಿಗೆ ಹೇಳಿದೆ. ಹತ್ತು ಗಂಟೆಗೆಲ್ಲ ಹೊರಗೆ. ಕಣ್ಣು ಬಿಟ್ಟವಳೇ, "ಹೆಬ್ಬೆರಳು ಇದೆಯಾ?" ಅಂದಳು.


ಮಾರ್ಚ್ 9, ಭಾನುವಾರ

ಕೆಂಪು ಬಳೆ ಇನ್ನೂ ತೆಗೆಯದ ಎಡಗೈಯಲ್ಲಿ ತಲೆ ಬಾಚಿಕೊಂಡು ಕಾಗೆ ಗೂಡು ಮಾಡಿಕೊಂಡಿದ್ದಾಳೆ. ಅಂಗಡಿ ಬಾಗಿಲಿಗೆ "ಎರಡು ತಿಂಗಳು ಎಲ್ಲರೂ ಕೂದಲು ಬೆಳೆಸಿಕೊಳ್ಳಿ" ಅಂತ ಚೀಟಿ ಅಂಟಿಸಿ ಬಂದಳಂತೆ. ಎಡಗೈ ಬರಹ, ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಅಮ್ಮ ತುತ್ತು ಮಾಡಿ ಕೊಡ್ತಾಳೆ. ನನಗೆ ಹೊಟ್ಟೆಕಿಚ್ಚು ಆಗುವಷ್ಟು ಉಪಚಾರ.


ಮಾರ್ಚ್ 15, ಶನಿವಾರ. ಬೆಳಿಗ್ಗೆ 9

ಡ್ರೆಸಿಂಗ್ ಒದ್ದೆ.

ನಾನೇ ಬಿಚ್ಚಿದೆ. ಹೊಲಿಗೆಯ ಕೆಳ ತುದಿ ಕೆಂಪು, ಬಿಸಿ. ಒತ್ತಿದರೆ ಹಳದಿ. ವಾಸನೆ. ಎಷ್ಟು ಗಾಯ ನೋಡಿದ್ದೇನೆ ಈ ಜನ್ಮದಲ್ಲಿ... ಹತ್ತಿ ಇಟ್ಟು ಮತ್ತೆ ಮುಚ್ಚಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನೂ ಇಲ್ಲ, ಬೆವರು" ಅಂದೆ.

ಜ್ವರ 101.


ಮಾರ್ಚ್ 17, ಸೋಮವಾರ. ಸಂಜೆ 4

ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಕೈ ಡಾಕ್ಟರ್ ಅಲ್ಲಿಗೂ ಬರುತ್ತಾರೆ. ಗಾಯ ಮತ್ತೆ ತೆರೆದು ತೊಳೆದರು. ಪ್ಲೇಟಿನ ಮೇಲೆಲ್ಲ ಕೀವು ಅಂತೆ. ಮೂಳೆ ಇನ್ನೂ ಕೂಡಿಲ್ಲ, ಹಾಗಾಗಿ ಪ್ಲೇಟ್ ತೆಗೆಯುವಂತಿಲ್ಲ. ತೆಗೆಯದಿದ್ದರೆ ಸೋಂಕು ಅದಕ್ಕೇ ಅಂಟಿಕೊಂಡಿರುತ್ತದೆ.

ಹೆಬ್ಬೆರಳನ್ನು ಮಡಚುವ ನರ (ಸ್ನಾಯುವಿನ ಹುರಿ, ನಾವು ಮಾತಿಗೆ ನರ ಅನ್ನೋದು) ಆ ಪ್ಲೇಟಿನ ಮೇಲೇ ಹಾದುಹೋಗುತ್ತದೆ. "ಅದು ಕೀವಲ್ಲಿ ನೆನೆದಿದೆ. ಕಾದು ನೋಡೋಣ" ಅಂದರು. ಏನನ್ನು ಕಾಯೋದು? ಅದು ಕೊಳೆಯೋದನ್ನಾ?

ಅಮ್ಮ ವಾರ್ಡಿನ ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. ನನ್ನನ್ನು ಕಂಡರೆ ಏಳುತ್ತಾಳೆ, ನಾನು ಏನೋ ಮಾಡಿಬಿಡುತ್ತೇನೆ ಅನ್ನುವ ಹಾಗೆ.


ಮಾರ್ಚ್ 19, ಬುಧವಾರ. ಮಧ್ಯಾಹ್ನ 2

ಕೀವು ಪರೀಕ್ಷೆಯ (ಕಲ್ಚರ್) ರಿಪೋರ್ಟ್ ಬಂತು. ತೀರಾ ಸಾಮಾನ್ಯ ರೋಗಾಣು. ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಸೆಫಜೋಲಿನ್ ಕೊಟ್ಟರೆ ಬಾಲ ಮುದುರಿಕೊಂಡು ಸಾಯುತ್ತಿತ್ತು.

"ಇದಕ್ಕೆ ವ್ಯಾಂಕೋ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ," ಅಂದರು ಕೈ ಡಾಕ್ಟರ್. "ಅಲರ್ಜಿ ಇರೋದು ನಿಜಾನಾ? ಎಷ್ಟೋ ಜನಕ್ಕೆ ಸುಮ್ಮನೆ ಹೆಸರಿಗೆ ಇರುತ್ತೆ. ಟೆಸ್ಟ್ ಡೋಸ್ ಕೊಟ್ಟು ನೋಡೋಣ್ವಾ?"

"ಬೇಡ ಸರ್. ನಾನೇ ಕಣ್ಣಾರೆ ನೋಡಿದ್ದೀನಿ. ಮೈಯೆಲ್ಲ ಎದ್ದಿತ್ತು."

ನನ್ನ ಮಾತು ನಂಬಿದರು. ನಂಬದೆ ಏನು? ನಾನು ಸಿಸ್ಟರ್, ಮೇಲಾಗಿ ಅಕ್ಕ.

ಅತ್ತ ಡೇ ಕೇರ್‌ನಲ್ಲಿ ವಿಚಾರಣೆ ಶುರುವಾಗಿದೆ. ಸೋಂಕು ಎಲ್ಲಿಂದ ಬಂತು? ನಿನ್ನೆಯಿಂದ ಕುಕ್ಕರಣ್ಣನ ಕೋಣೆ ತಡಕಾಡುತ್ತಿದ್ದಾರೆ. ಪ್ರತಿ ಸಲ ಬೇಯಿಸಿದ ಮೇಲೂ ಸರಿಯಾಗಿ ಬೆಂದಿದ್ದರೆ ಬಣ್ಣ ಬದಲಾಗುವ ಒಂದು ಚೀಟಿಯನ್ನು ಅವನು ತನ್ನ ಪುಸ್ತಕಕ್ಕೆ ಅಂಟಿಸುತ್ತಾನೆ. ಮಾರ್ಚ್ 6ರ ಚೀಟಿ ಇಲ್ಲ. ಅಂಟು ಒಣಗಿ ಉದುರಿದೆ ಅನ್ನುತ್ತಾನೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ. ನಾನೂ ಅವನ ಮೇಲೆ ಉರಿದುಬಿದ್ದೆ. "ಇಪ್ಪತ್ತಾರು ವರ್ಷ ಆಯ್ತು, ಒಂದು ಚೀಟಿ ಅಂಟಿಸೋಕೆ ಬರಲ್ವಾ ನಿಂಗೆ? ನನ್ನ ತಂಗಿ ಕೈ ಅದು!" ಅವನು ಪುಸ್ತಕದ ಪುಟ ತಿರುವುತ್ತಲೇ ಇದ್ದ. ಇವತ್ತು ಹಾಡೂ ಇಲ್ಲ.


ಮಾರ್ಚ್ 20, ಗುರುವಾರ. ಮಧ್ಯಾಹ್ನ 12.30

ರೆಕಾರ್ಡ್ ರೂಮಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ವಿಚಾರಣೆಗೆ ಅಂತ ತಂಗಿಯ ಫೈಲ್ ಕಳಿಸಲು ಮೇಡಂ ಹೇಳಿದರು. ತೆಗೆದೆ. ನನ್ನ ಮುತ್ತಿನಂಥ ಅಕ್ಷರ. ಶುರು 7.30. ಮುಗಿದದ್ದು 8.30.

ಏಳೂವರೆಗೆ ಅವಳು ಮನೆಯಲ್ಲಿದ್ದಳು. ಅಮ್ಮ ಗ್ಯಾಸ್ ನೋಡುತ್ತಿದ್ದಳು.

ಕೆಳಗೆ ಓ.ಟಿ.ಯವರು ಬರೆದದ್ದು: ತೋಳಿನ ಪಟ್ಟಿ ಬಿಗಿದದ್ದು 8.50. ಕೈ ಆಪರೇಷನ್ನಿಗೆ ಮುಂಚೆ ತೋಳಿಗೆ ಗಾಳಿಪಟ್ಟಿ ಬಿಗಿಯುತ್ತಾರೆ, ರಕ್ತ ಬರಬಾರದು ಅಂತ. ಬಿಗಿದ ಮೇಲೆ ಆ ಕೈಗೆ ರಕ್ತ ಹೋಗುವುದಿಲ್ಲ. ರಕ್ತ ಹೋಗದಿದ್ದರೆ ಔಷಧವೂ ಹೋಗುವುದಿಲ್ಲ. ಅದಕ್ಕೇ ಡ್ರಿಪ್ ಮೊದಲೇ ಮುಗಿದಿರಬೇಕು. ಇದು ಮೊದಲ ವರ್ಷದ ಹುಡುಗಿಯರಿಗೂ ಗೊತ್ತು. ನನಗೆ ಗೊತ್ತಿಲ್ಲವೇ? ಗೊತ್ತಿತ್ತು. "ಸ್ವಲ್ಪ ಉಳಿದಿದೆ, ಓಡಲಿ" ಅಂದೆ.

8.25ರಿಂದ 8.50. ಇಪ್ಪತ್ತೈದು ನಿಮಿಷ. ಅದರಲ್ಲಿ ಟ್ರಾಲಿ ಬದಲಾಯಿಸುವಾಗ ನಾನೇ ಡ್ರಿಪ್ ನಿಲ್ಲಿಸಿದ್ದೆ. ಕಾಲುಭಾಗ ಹೋಗಿರಬಹುದು. ಒಂಬತ್ತೂವರೆಗೇ ಕಳಿಸಿದ್ದರೆ ಪೂರ್ತಿ ಹೋಗುತ್ತಿತ್ತು. ಕುಯ್ಯುವ ಮುಂಚೆ ಕೈ ಡಾಕ್ಟರ್ ಕೇಳಿರುತ್ತಾರೆ, "ಆಂಟಿಬಯೋಟಿಕ್ ಆಯ್ತಾ?" ಯಾರೋ ನನ್ನ ಚಾರ್ಟ್ ನೋಡಿ ಓದಿರುತ್ತಾರೆ, "ಆಯ್ತು ಸರ್, ಎಂಟೂವರೆಗೆ."

ಉಪಕಾರ ಕೇಳಿದವಳು ನಾನು. ರೆಡಿ ಇದ್ದಾಳೆ ಅಂದವಳು ನಾನು.

ಫೈಲನ್ನು ಮೇಡಂ ಟೇಬಲ್ ಮೇಲೆ ಇಟ್ಟು ಬಂದೆ. ಏನೂ ಹೇಳಲಿಲ್ಲ.


ಮಾರ್ಚ್ 22, ಶನಿವಾರ. ಸಂಜೆ 6

ಕುಕ್ಕರಣ್ಣನನ್ನು ಮನೆಗೆ ಕಳಿಸಿದ್ದಾರೆ. ವಿಚಾರಣೆ ಮುಗಿಯುವ ತನಕ ಬರುವ ಹಾಗಿಲ್ಲ. ಡಬ್ಬಿ, ಚಪ್ಪಲಿ, ಹಾಡಿನ ನೋಟ್‌ಬುಕ್ಕು ಒಂದು ಚೀಲಕ್ಕೆ ಹಾಕಿಕೊಂಡು ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಿಸ್ಟರ್, ಬೇಯಿಸಿದ್ದೆ ಅಂತ ನೂರಕ್ಕೆ ನೂರು ಹೇಳ್ತೀನಿ. ಆದ್ರೂ ಅನುಮಾನ ಬರುತ್ತೆ ನೋಡಿ... ಎರಡು ದಿನದಿಂದ ನಿದ್ದೆ ಇಲ್ಲ. ನನ್ನಿಂದಾನೇ ಆಗಿದ್ರೆ ನಿಮ್ಮ ತಂಗಿ ಹತ್ರ ಒಂದು ಮಾತು ಹೇಳಿ. ಬೇಕೂಂತ ಮಾಡಿದ್ದಲ್ಲ ಅಂತ."

"ಹೇಳ್ತೀನಿ" ಅಂದೆ. ಎಂಥ ಹೆಂಗಸು ನಾನು.


ಮಾರ್ಚ್ 23, ಭಾನುವಾರ

ವಾರ್ಡಿನಲ್ಲಿ ತಂಗಿ ತನ್ನ ಕತ್ತರಿ ತರಿಸಿಕೊಂಡಿದ್ದಾಳೆ. ಪಕ್ಕದ ಬೆಡ್ಡಿನವರು ಹೆದರಿಕೊಂಡಿದ್ದರು. ದಿಂಬಿನ ಕೆಳಗೆ ಇಟ್ಟುಕೊಂಡು, ಯಾರೂ ನೋಡದಾಗ ಬೆರಳು ತೂರಿಸಿ ಪ್ರಯತ್ನ. ಕತ್ತರಿ ತೆರೆಯುತ್ತದೆ. ಮುಚ್ಚುವುದಿಲ್ಲ.

"ಅಕ್ಕಾ, ನೀನು ಇದೇ ಕೆಲಸದಲ್ಲಿ ಇಲ್ದೇ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತೋ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.


ಮಾರ್ಚ್ 26, ಬುಧವಾರ. ಸಂಜೆ 4.30

ಬರೆದುಕೊಟ್ಟೆ. ಒಂದು ಪುಟ. 7.30 ಅಂತ ಬರೆದದ್ದು ಹಿಂದಿನ ದಿನ ಸಂಜೆ, ನಿಜವಾಗಿ ಹಾಕಿದ್ದು 8.25, ಬೇಗ ತಗೊಳ್ಳಿ ಅಂದದ್ದು ನಾನು, ಸಲಕರಣೆ ಕೋಣೆಯವರ ತಪ್ಪಿಲ್ಲ.

ಮೇಡಂ ಓದಿ ಬಾಗಿಲು ಹಾಕಿದರು. "ತಲೆ ಕೆಟ್ಟಿದೆಯಾ ನಿಂಗೆ? ಎಲ್ಲರೂ ಹಾಗೇ ಬರೆಯೋದು. ಇದು ಹೊರಗೆ ಹೋದ್ರೆ ಹತ್ತು ವರ್ಷದ ಚಾರ್ಟ್ ಎಲ್ಲ ಸುಳ್ಳು ಅಂತಾಗುತ್ತೆ. ಹರಿದು ಹಾಕು."

"ಹತ್ತು ವರ್ಷದ್ದೂ ಸುಳ್ಳೇ ಅಲ್ವಾ ಮೇಡಂ?"

"ನಿನ್ನ ಕೆಲಸ ಹೋಗುತ್ತೆ."

"ಅವನದು ಹೋಗ್ತಾ ಇದೆ."

ಕಾಗದ ಅವರ ಕೈಯಿಂದ ವಾಪಸ್ ತಗೊಂಡೆ. ಸೀದಾ ಕೈ ಡಾಕ್ಟರ್ ಹತ್ತಿರ ಹೋದೆ. ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಪಟ್ಟಿ ಬಿಗಿಯೋ ಮುಂಚೆ ನಾನೂ ಒಂದ್ಸಲ ಬಾಟಲಿ ಕಡೆ ನೋಡಬಹುದಿತ್ತು" ಅಂದರು, ಅಷ್ಟೆ. ಆಮೇಲೆ: "ತಂಗಿಗೆ ಹೇಳಿದ್ರಾ?"

ಇಲ್ಲ.

"ಶುಕ್ರವಾರ ಮತ್ತೆ ತೆರೀಬೇಕು. ನರ ಉಳಿದಿದೆಯಾ ಅಂತ ನೋಡಬೇಕು. ಹಳೇ ಪ್ಲೇಟ್ ತೆಗೆದು ತೊಳೆದು ಮೂಳೆ ಅಲ್ಲಾಡದ ಹಾಗೆ ಹೊರಗಿಂದ ಸರಳು ಹಾಕ್ತೀನಿ. ಈ ಔಷಧೀಲಿ ಸೋಂಕು ಹಿಡಿತಕ್ಕೆ ಬರ್ತಿಲ್ಲ. ಈ ಸಲವೂ ಬರದೇ ಇದ್ರೆ..." ನನ್ನ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.


ಮಾರ್ಚ್ 27, ಗುರುವಾರ

ಕುಕ್ಕರಣ್ಣನಿಗೆ ಫೋನ್ ಮಾಡಿ ಹೇಳಿದೆ. "ಹಂಗಾದ್ರೆ ನಾನು ಬೇಯಿಸಿದ್ದೆ," ಅಂದ. ಅಳುತ್ತಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ತಂಗಿಗೆ ಇವತ್ತು ಹೇಳಬೇಕು ಅಂತ ಹೋದೆ. ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಎಬ್ಬಿಸಬಹುದಿತ್ತು.


ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 10.20, ಆಟೋದಲ್ಲಿ

ಅಕ್ಷರ ಕುಣಿಯುತ್ತಿದೆ, ಕುಣಿಯಲಿ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಆಪರೇಷನ್ ಹನ್ನೆರಡಕ್ಕೆ. ಅಮ್ಮ ಫ್ಲಾಸ್ಕಿಗೆ ಚಹಾ ತುಂಬುತ್ತ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. "ಪಾಪ, ಸೂಜಿ ಅಂದ್ರೆ ಅದಕ್ಕೆ ಎಷ್ಟು ಭಯ. ಚಿಕ್ಕವಳಿದ್ದಾಗ ನಿನಗೆ ಮೈಯೆಲ್ಲ ದದ್ದು ಎದ್ದಾಗಲೂ, ನೀನು ಕಲ್ಲಿನ ಹಾಗೆ ಕೂತಿದ್ದೆ. ಅಕ್ಕ ಸತ್ತುಹೋಗ್ತಾಳೆ ಅಂತ ಅತ್ತಿದ್ದೆಲ್ಲ ಅದೇ."

"ಯಾರಿಗೆ ಅಮ್ಮ?"

"ಏನು ಯಾರಿಗೆ?"

"ದದ್ದು ಎದ್ದಿದ್ದು ಯಾರಿಗೆ?"

"ನಿನಗೇ ಕಣೇ. ಲೋಷನ್ ಬಾಟಲಿ ಪೂರ್ತಿ ನಿನಗೇ ಹಚ್ಚಿದ್ನಲ್ಲ. ಅವಳಿಗೆ ಏನಾಗಿತ್ತು? ಅವಳು ಗುಂಡುಕಲ್ಲು."

"ನಮ್ಮ ಮಗೂಗೆ ಆಗಲ್ಲ ಅಂತ ಎಲ್ಲ ಡಾಕ್ಟರಿಗೂ ಹೇಳ್ತಿದ್ಯಲ್ಲಾ..."

"ನೀನೂ ನಮ್ಮ ಮಗೂನೇ ತಾನೇ?"

ನನ್ನ ಮೈ ನನಗೆ ಕಂಡಿರಲಿಲ್ಲ. ಅವಳ ಅಳುವ ಮುಖ ಕಂಡಿತ್ತು. ಮೂವತ್ತು ವರ್ಷ ಆ ಮುಖವನ್ನೇ ನೆನಪಿಟ್ಟುಕೊಂಡು, ದದ್ದನ್ನೂ ಅದಕ್ಕೇ ಅಂಟಿಸಿದ್ದೇನೆ. ಎರಡು ವರ್ಷದ ಹಿಂದೆ ಹಲ್ಲಿಗೆ ಅಂತ ಅದೇ ಜಾತಿಯ ಮಾತ್ರೆ ಒಂದು ವಾರ ನುಂಗಿದವಳು ನಾನು, ಏನೂ ಆಗಲಿಲ್ಲ. ಅಂದರೆ ಅಲರ್ಜಿ ನನಗೂ ಇಲ್ಲ. ಯಾರಿಗೂ ಇಲ್ಲ! ಇಲ್ಲದ ಅಲರ್ಜಿಗೆ ಬ್ಯಾಂಡ್ ಕಟ್ಟಿದೆ. ಬ್ಯಾಂಡಿಗೆ ಒಂದು ಗಂಟೆಯ ಡ್ರಿಪ್. ಆ ಒಂದು ಗಂಟೆಯನ್ನೂ ಕೊಡಲಿಲ್ಲ. ಟೆಸ್ಟ್ ಮಾಡೋಣ ಅಂದರೆ ಬೇಡ ಅಂದೆ. ಹತ್ತು ದಿನದಿಂದ ಅವಳ ರಕ್ತಕ್ಕೆ ಇಳಿಯುತ್ತಿರುವುದು ಕೈಲಾಗದ ಔಷಧ.

ಕೈ ಡಾಕ್ಟರ್ ಫೋನ್ ಎತ್ತುತ್ತಿಲ್ಲ. ವಾರ್ಡಿನ ಫೋನ್ ಎಂಗೇಜ್. ಮುಂದೆ ಲಾರಿ ಅಡ್ಡ ನಿಂತಿದೆ. ಅಮ್ಮ ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು, ಏನಾಯ್ತೇ, ಏನಾಯ್ತೇ ಅಂತ ಕೇಳುತ್ತಿದ್ದಾಳೆ. ಇಳಿದು ಓಡುತ್ತೇನೆ.


12.05, ಓ.ಟಿ. ಬಾಗಿಲ ಎದುರು

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ವಾರ್ಡಿಗೆ ಹೋದಾಗ ಒಬ್ಬ ಸಿಸ್ಟರ್ ತಂಗಿಯ ಮಂಚದ ಪಕ್ಕ ನಿಂತು ಫಾರಂ ತುಂಬುತ್ತಿದ್ದಳು. ಚಿಕ್ಕ ವಯಸ್ಸು, ಚೆಂದದ ಅಕ್ಷರ. ಸ್ಟ್ಯಾಂಡಿನಲ್ಲಿ ವ್ಯಾಂಕೋ ಬಾಟಲಿ ನೇತುಹಾಕಿ ಆಗಿತ್ತು. "ಅಲರ್ಜಿ ಪೆನ್ಸಿಲಿನ್‌ದು ಅಲ್ವಾ?" ಅಂತ ಕೇಳುತ್ತಿದ್ದಳು. ತಂಗಿ ನನ್ನನ್ನು ನೋಡಿ ನಕ್ಕಳು. "ಬಂದಳಲ್ಲ, ಅವಳನ್ನೇ ಕೇಳಿ. ನನ್ನ ವಿಷಯ ನನಗಿಂತ ಅವಳಿಗೇ ಗೊತ್ತು."

"ಇಲ್ಲ," ಅಂದೆ. ಉಸಿರು ಸಿಗುತ್ತಿರಲಿಲ್ಲ. "ಅಲರ್ಜಿ ಇಲ್ಲ. ಇಳಿಸಿ ಅದನ್ನ. ಡಾಕ್ಟರ್‌ನ ಕರೀರಿ."

ಆ ಹುಡುಗಿ ಕಕ್ಕಾಬಿಕ್ಕಿ. "ಬ್ಯಾಂಡ್ ಇದೆಯಲ್ಲ ಮೇಡಂ?"

"ನಾನೇ ಕಟ್ಟಿದ್ದು. ತಪ್ಪು. ಬಿಚ್ಚಬೇಕು."

ಆ ಬ್ಯಾಂಡ್ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಹುಡುಗಿ ಜೇಬು ತಡಕಿದಳು. ಅಷ್ಟರಲ್ಲಿ ತಂಗಿ ದಿಂಬಿನ ಕೆಳಗಿಂದ ತನ್ನ ಕತ್ತರಿ ತೆಗೆದು, ಹಿಡಿ ನನ್ನ ಕಡೆ ಮಾಡಿ ಚಾಚಿದಳು. "ಯಾಕೆ ಅಕ್ಕಾ?"

ಕತ್ತರಿಸಿದೆ. ಹೇಳಿದೆ. ದದ್ದು ನನ್ನದು ಅಂತ. ಏಳೂವರೆ ಸುಳ್ಳು ಅಂತ. ಬೇಗ ಒಳಗೆ ಕಳಿಸಿದ್ದು ನಾನೇ ಅಂತ. ಗೊತ್ತಾಗಿ ಎಂಟು ದಿನ ಆಯಿತು, ಬಾಯಿ ಮುಚ್ಚಿಕೊಂಡಿದ್ದೆ ಅಂತ. ಅಮ್ಮ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು.

ತಂಗಿ ಬಲಗೈಯ ಬ್ಯಾಂಡೇಜನ್ನೇ ನೋಡುತ್ತಿದ್ದಳು. ಕತ್ತರಿ ವಾಪಸ್ ಕೊಡಲು ಹೋದೆ. ತಗೊಳ್ಳಲಿಲ್ಲ.

ಕೈ ಡಾಕ್ಟರ್ ಬಂದರು. ಅಮ್ಮನನ್ನೇ ನೇರ ಕೇಳಿದರು, ಯಾರಿಗೆ, ಯಾವಾಗ, ಎಂಥ ದದ್ದು. ಆಮೇಲೆ ಮೊದಲು ಚೂರು ಡೋಸ್ ಕೊಟ್ಟು ಅರ್ಧ ಗಂಟೆ ಪಕ್ಕದಲ್ಲೇ ಕೂತರು. ಏನೂ ಆಗಲಿಲ್ಲ. ಚರ್ಮದ ಮೇಲೆ ಒಂದು ಸಾಸಿವೆಯಷ್ಟೂ ಏಳಲಿಲ್ಲ.

11.49: ಸೆಫಜೋಲಿನ್ ಶುರು. 11.54: ಪೂರ್ತಿ ಆಯಿತು. ಗೋಡೆ ಗಡಿಯಾರ ನೋಡಿ ಬರೆದದ್ದು. ಆ ಹುಡುಗಿಯೂ ನೋಡಿಯೇ ಬರೆದಳು.

12.00: ಟ್ರಾಲಿ ಹೊರಟಿತು. ಬಾಗಿಲ ತನಕ ಜೊತೆಗೆ ನಡೆದೆ. ಅವಳು ಮೇಲಿನ ಲೈಟುಗಳನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಬಾಗಿಲ ಹತ್ತಿರ ಬಂದಾಗ ಎಡಗೈಯಿಂದ ನನ್ನ ಕಂಕುಳಲ್ಲಿದ್ದ ಈ ಡೈರಿಯನ್ನು ಮುಟ್ಟಿದಳು.

"ಯಾವಾಗ್ಲೂ ಬರೀತಾ ಇರ್ತೀಯಲ್ಲ."

"ಹೂಂ."

"ಇವತ್ತಿಂದು ಆದ್ಮೇಲೆ ಬರಿ. ಮುಂಚೆ ಬರೀಬೇಡ."


12.40

ಬಾಗಿಲು ಮುಚ್ಚಿದೆ. ಅಮ್ಮ ಚಹಾ ಕೊಡಲು ಬಂದಳು, ಕೊಡದೆ ಕೂತಳು. ನನ್ನ ಪಕ್ಕದಲ್ಲೇ ಕೂತಿದ್ದಾಳೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.


1.15

ಕುಕ್ಕರಣ್ಣ ಬಂದ. ಯಾರು ಹೇಳಿದರೋ. ಆ ಜಾಗದಲ್ಲಿ ಕೂತ. ಮೂವರೂ ಬಾಗಿಲು ನೋಡುತ್ತಿದ್ದೇವೆ. ಕತ್ತರಿ ನನ್ನ ಮಡಿಲಲ್ಲಿದೆ. ನರ ಉಳಿಯುತ್ತದೆ ಅಂತ ಬರೆಯಬೇಕು ಅನ್ನಿಸುತ್ತಿದೆ. ಬರೆದರೆ ಹಾಗೇ ಆಗಬಹುದು ಅನ್ನಿಸುತ್ತಿದೆ. ಬರೆಯುವುದಿಲ್ಲ. ಇನ್ನೂ ಆಗಿಲ್ಲ.


1.52

ಬಾಗಿಲು ತೆರೆಯಿತು. ಕೈ ಡಾಕ್ಟರ್. ಮಾಸ್ಕ್ ಇನ್ನೂ ತೆಗೆದಿಲ್ಲ. ನನ್ನ ಕಡೆ ನೋಡಿ ತಮ್ಮ ಬಲಗೈ ಎತ್ತಿದರು, ಹೆಬ್ಬೆರಳು ಮಡಚಿ, ಬಿಚ್ಚಿ ತೋರಿಸಿದರು: ನರ ಉಳಿದಿದೆ.